ಆದೇಶ ಸಂಧಿ

ಆ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಸ್ವಿಲ್ಲಿ ಕೊಲ್ಲಿಯಿಂದ ಎದ್ದ ಮಂಜು ದಡ ಹತ್ತಿ ಬಂದು, ಹೊಲಗಳ ಕಲ್ಲುಗೋಡೆಗಳ ಮೇಲೆ ಹಿಂಡದೆ ಹರವಿದ ಬಟ್ಟೆಯಂತೆ ತೊಟ್ಟಿಕ್ಕುತ್ತ ಕೂತಿತ್ತು. ಮನೆಗಳ ಹೊಗೆ ಮೇಲಕ್ಕೆ ಹೋಗಲೊಲ್ಲದು. ಹುಲ್ಲುಮಾಡಿನಿಂದ ಜಾರಿ ಅಂಗಳಕ್ಕಿಳಿದು, ಒಳಗೆ ಬರಲೇ ಎಂದು ಕೇಳುವ ಭಿಕ್ಷುಕನಂತೆ ಬಾಗಿಲ ಬಳಿ ನಿಲ್ಲುತ್ತಿತ್ತು. ಬೇಲಿಯ ಮುಳ್ಳುಗಿಡಗಳು ಬಿಳಿ ಹೂ ಬಿಟ್ಟ ಕಾಲ. ಆ ಹೂವನ್ನು ಮನೆಯೊಳಗೆ ತಂದರೆ ಹಿಂದೆಯೇ ಸಾವು ಬರುತ್ತದೆಂದು ಆ ಸೀಮೆಯವರು ಹೇಳುತ್ತಾರೆ. ಆ ವರ್ಷ ಯಾರೂ ಹೂ ಕೊಯ್ದಿರಲಿಲ್ಲ. ಸಾವು ಮಾತ್ರ ಹೂವಿಗೆ ಕಾಯದೆ ಮನೆಮನೆ ಹೊಕ್ಕು ಬಂದಿತ್ತು.

ಸಾವಿರದ ಒಂಬೈನೂರ ಹತ್ತೊಂಬತ್ತನೆಯ ಇಸವಿಯ ಮೇ ತಿಂಗಳು ಅದು. ಐರ್ಲೆಂಡಿನ ಉತ್ತರದಲ್ಲಿ, ಲೆಟರ್‌ಕೆನ್ನಿ ಪೇಟೆಯಿಂದ ಕೊಲ್ಲಿಯ ದಡ ಹಿಡಿದು ಹೋದರೆ ಸಿಗುವ ಒಂದು ಹಳ್ಳಿ. ಅಲ್ಲಿ ಆಲೂಗಡ್ಡೆಯ ಹಳೆಯ ಉಗ್ರಾಣಕ್ಕೆ ಸುಣ್ಣ ಬಳಿದು, ಮಂಚ ಹಾಕಿ, ಜ್ವರದ ಶೆಡ್ಡು ಮಾಡಿದ್ದರು. ಯುದ್ಧದಲ್ಲಿ ಸತ್ತವರಿಗಿಂತ ಹೆಚ್ಚು ಜನರನ್ನು ಇನ್‌ಫ್ಲುಯೆಂಜಾ ಆ ಹೊತ್ತಿಗಾಗಲೇ ಒಯ್ದಿತ್ತು. ಎರಡು ಸಲ ಬಂದು ಹೋಗಿ, ಮರೆತುಹೋದದ್ದನ್ನು ಹುಡುಕುವವನಂತೆ ಮೂರನೆಯ ಸಲ ಬಂದಿತ್ತು. ಆ ಶೆಡ್ಡಿನ ವೈದ್ಯ ಯಡಿಯೂರು ಕಡೆಯ ಸಿದ್ದಲಿಂಗಯ್ಯ. ಊರ ಕೂಲಿಮಠದ ಐಗಳ ಮಗ. ಮೈಸೂರು ಅರಸರ ವಿದ್ಯಾರ್ಥಿವೇತನದ ಮೇಲೆ ಡಬ್ಲಿನ್ನಿಗೆ ಬಂದು ವೈದ್ಯಕೀಯ ಓದಿದವನು. ಬಿಳಿ ವೈದ್ಯರೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಕಪ್ಪು ವೈದ್ಯನನ್ನು ಆ ಹಳ್ಳಿ ಒಪ್ಪಿತ್ತು. ಒಪ್ಪಿದ್ದೆಂದರೆ ಮೇಜರ್ ಹಾರ್ಟ್ಲಿ ಒಪ್ಪಿದ್ದರು. ಊರಿನ ಜಮೀನೂ, ಶೆಡ್ಡಿನ ಉಸ್ತುವಾರಿಯೂ, ಚರ್ಚಿನ ಆಡಳಿತವೂ ಆ ಇಂಗ್ಲಿಷ್ ದೊರೆಯ ಕೈಯಲ್ಲೇ. ಅವರು ಕಾಲೇಜಿಗೆ ಒಂದು ಒಳ್ಳೆಯ ಮಾತು ಬರೆದರೆ ಸಿದ್ದಲಿಂಗಯ್ಯ ಪೂರ್ಣ ವೈದ್ಯನಾಗಿ ಮನೆಗೆ ಹೋಗುತ್ತಾನೆ. ಬರೆಯದಿದ್ದರೆ ಇಷ್ಟು ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಶೆಡ್ಡಿನ ಕೊನೆಯ ಮಂಚದಲ್ಲಿ ಜರ್ಮನಿಯವನೊಬ್ಬ ಮಲಗಿದ್ದ. ಹೆಸರು ಯೋಹಾನ್, ಹಡಗಿನ ಬಡಗಿ. ಸೋತವರ ಹಡಗುಗಳನ್ನು ಗೆದ್ದವರಿಗೆ ಒಪ್ಪಿಸಬೇಕೆಂದು ಆಜ್ಞೆಯಾಗಿತ್ತಲ್ಲ, ಹಾಗೆ ಒಪ್ಪಿಸಲು ಹೊರಟ ಸರಕುಹಡಗೊಂದು ಕೊಲ್ಲಿಯಲ್ಲಿ ಲಂಗರು ಹಾಕಿ, ಜ್ವರ ಬಂದ ಇವನನ್ನು ದಡಕ್ಕಿಳಿಸಿ ಮುಂದೆ ಹೋಗಿತ್ತು. ಯುದ್ಧಕ್ಕೆ ಮೊದಲು ಇಂಗ್ಲಿಷರ ಹಡಗುಗಳಲ್ಲೇ ದುಡಿದಿದ್ದವನಾದ್ದರಿಂದ ಇಂಗ್ಲಿಷ್ ಬರುತ್ತಿತ್ತು.

"ಹೇಗಿದ್ದಾನೆ?" ಎಂದು ಆ ಬೆಳಿಗ್ಗೆ ಸಿದ್ದಲಿಂಗಯ್ಯ ದಾದಿ ನೋರಾಳನ್ನು ಕೇಳಿದ.

"ಕೇಳಿದ್ರೆ ಗ್ರ್ಯಾಂಡ್, ಚೆನ್ನಾಗಿದ್ದೀನಿ ಅಂತಾನೆ ಡಾಕ್ಟರೇ. ನಮ್ಮೂರಿನ ಮಾತು ಕಲಿತುಬಿಟ್ಟಿದ್ದಾನೆ, ಸಾಯೋಕೆ ಮುಂಚೆ." ನೋರಾ ಅದೇ ಹಳ್ಳಿಯವಳು, ಮಾತಿಗೆ ಮೊಂಡು, ಕೈಗೆ ಮೆತ್ತಗೆ. "ತುಟಿ ನೋಡಿ. ನೇರಳೆಗೆ ತಿರುಗ್ತಿದೆ."

ಸಿದ್ದಲಿಂಗಯ್ಯ ನಾಡಿ ಹಿಡಿದು ಕೂತ. ಯೋಹಾನ್ ಕಣ್ಣು ತೆರೆದ.

"ಡಾಕ್ಟರ್, ನಮ್ಮ ದ್ವೀಪದಲ್ಲಿ ಸಮುದ್ರ ತಂದು ಹಾಕುವ ಹೆಣಗಳಿಗೆ ಒಂದು ಬೇರೆ ಸ್ಮಶಾನ ಇದೆ. ಹೆಸರಿಲ್ಲದವರದ್ದು. ಬರೀ ದಿಬ್ಬಗಳು. ಚಿಕ್ಕವನಿದ್ದಾಗ ಅದರ ಮುಂದೆ ನಡೀತಿರಲಿಲ್ಲ, ಓಡ್ತಿದ್ದೆ. ನನ್ನನ್ನ ಹಾಗೆ ಹಾಕಬೇಡಿ."

"ಗಂಜಿ ಕುಡಿ. ಅದೆಲ್ಲ ಆಮೇಲೆ."

"ಹೆಸರು ಹೇಳಿ ಹಾಕ್ತೀನಿ ಅನ್ನಿ. ಆಮೇಲೆ ಗಂಜಿ."

ಸಿದ್ದಲಿಂಗಯ್ಯ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡ. ಒಳಗೆ ಇಷ್ಟಲಿಂಗ. ಅದನ್ನು ಮುಟ್ಟಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಬಾರದು. "ಹೆಸರು ಹೇಳಿಯೇ ಹಾಕ್ತೀನಿ," ಎಂದ. ಯೋಹಾನ್ ಎರಡು ಚಮಚ ಕುಡಿದ.

ಮಧ್ಯಾಹ್ನ ಆ ಮಂಜಿನಲ್ಲೇ ಗೋಪಾಲಕೃಷ್ಣ ಬಂದಿಳಿದ. ಮೈಸೂರಿನ ಹುಡುಗ, ಡಬ್ಲಿನ್ನಿನಲ್ಲಿ ವಕೀಲಿ ಓದುತ್ತಿದ್ದ, ಜ್ವರಕ್ಕೂ ಪರೀಕ್ಷೆಗೂ ಒಟ್ಟಿಗೇ ಹೆದರಿ ಕೆಲವು ದಿನ ಇದ್ದು ಹೋಗೋಣವೆಂದು ರೈಲು ಹತ್ತಿದ್ದ. ಜ್ವರದಿಂದ ಓಡಿ ಜ್ವರದ ಶೆಡ್ಡಿಗೇ ಬಂದವನೆಂದು ನೋರಾ ನಕ್ಕಳು. ಅವನ ಕಂಕುಳಲ್ಲಿ ಪತ್ರಿಕೆಯಿತ್ತು.

"ಸಿದ್ದಣ್ಣ, ಶಾಂತಿಯ ಷರತ್ತುಗಳನ್ನ ಕೈಗೆ ಕೊಟ್ಟಿದ್ದಾರೆ ಕಣ್ರೀ! ಜರ್ಮನಿಯವರು ಬಾಯಿ ಬಿಡೋ ಹಾಗಿಲ್ವಂತೆ. ಏನಿದ್ರೂ ಬರೆದು ಕಳಿಸ್ಬೇಕು, ಅದೂ ಹದಿನೈದು ದಿನದೊಳಗೆ. ಹಡಗು ಹೋಯ್ತು, ನೆಲ ಹೋಯ್ತು, ತಪ್ಪೆಲ್ಲ ನಮ್ಮದೇ ಅಂತ ಒಪ್ಕೋಬೇಕು. ದಂಡ ಎಷ್ಟು ಅಂತ ಆಮೇಲೆ ಹೇಳ್ತಾರಂತೆ."

"ಎಷ್ಟು ಅಂತ ಹೇಳದೇ ಒಪ್ಕೊ ಅಂತಾರಾ?"

"ಖಾಲಿ ಕಾಗದಕ್ಕೆ ಹೆಬ್ಬೆಟ್ಟು."

ನೋರಾ ಕಷಾಯದ ಪಾತ್ರೆ ತೊಳೆಯುತ್ತಿದ್ದಳು. ಇಬ್ಬರ ಮುಖ ನೋಡಿ ಏನೆಂದು ಕೇಳಿದಳು. ಸಿದ್ದಲಿಂಗಯ್ಯ ಇಂಗ್ಲಿಷಿನಲ್ಲಿ ಹೇಳಿದ. "ನಮಗೂ ಈ ಇಂಗ್ಲಿಷರು ಒಂದು ಶಾಂತಿ ಬರೆದುಕೊಟ್ಟಿದ್ರು, ಏಳುನೂರು ವರ್ಷದ ಹಿಂದೆ," ಎಂದಳು ಅವಳು. "ಇನ್ನೂ ಮಸಿ ಒಣಗಿಲ್ಲ. ಗುಡ್ಡದ ಮೇಲೆ ನಮ್ಮ ಹುಡುಗರು ದಿನಾ ಸಂಜೆ ಯಾತಕ್ಕೆ ಕವಾಯತು ಮಾಡ್ತಾರೆ ಅಂದ್ಕೊಂಡಿದ್ದೀರಿ?"

ಸಂಜೆ ಮೇಜರರ ದೊಡ್ಡಮನೆಯಿಂದ ಊಟಕ್ಕೆ ಕರೆ ಬಂತು. ಷರತ್ತುಗಳ ಸುದ್ದಿ ಬಂದ ದಿನ. ಜತೆಗೆ ಕೂತು ಮಾತಾಡಲು ನಾಲ್ಕು ಜನ ಬೇಕಲ್ಲ. ಮೇಜು ತುಂಬ ಬೆಳ್ಳಿ, ಗೋಡೆಯ ಮೇಲೆ ಮೇಜರರ ಒಬ್ಬನೇ ಮಗ ಎಡ್ವರ್ಡನ ಚಿತ್ರ. ಅವನು ಫ್ರಾನ್ಸಿನಲ್ಲಿ ಸತ್ತಿದ್ದ. ಮೇಜರರ ಅಕ್ಕ, ಮದುವೆಯಾಗದೆ ಆ ಮನೆಯಲ್ಲೇ ಮುದುಕಿಯಾದ ಮಿಸ್ ಹಾರ್ಟ್ಲಿ, ಸಿದ್ದಲಿಂಗಯ್ಯನಿಗೆಂದು ಮಾಂಸವಿಲ್ಲದ ತಟ್ಟೆ ತಾನೇ ತಂದಿಟ್ಟಳು. ಪಾದ್ರಿ ಬಾಯ್ಡ್ ಆಗಲೇ ವೈನಿನ ಎರಡನೆಯ ಬಟ್ಟಲು ಹಿಡಿದಿದ್ದರು.

"ಷರತ್ತು ಮೆತ್ತಗಾಯಿತು," ಎಂದರು ಮೇಜರ್. "ಬರ್ಲಿನ್ನಿನ ಬೀದಿಯಲ್ಲಿ ನಿಂತು ಬರೆಸಬೇಕಿತ್ತು. ಹಾವಿನ ಬಾಲ ಕತ್ತರಿಸಿ ಹಬ್ಬ ಮಾಡುತ್ತಿದ್ದೇವೆ."

"ದೇವರ ನ್ಯಾಯ, ಮೇಜರ್, ದೇವರ ನ್ಯಾಯ," ಎಂದರು ಪಾದ್ರಿ.

"ಯುದ್ಧ ನಿಂತು ಆರು ತಿಂಗಳಾಯಿತು, ಹಡಗು ತಡೆದು ಅವರ ಮಕ್ಕಳಿಗೆ ಇನ್ನೂ ಹಾಲು ಬಿಡುತ್ತಿಲ್ಲ. ಅದು ಯಾವ ದೇವರ ನ್ಯಾಯ ಪಾದ್ರಿಗಳೇ?" ಎಂದಳು ಮಿಸ್ ಹಾರ್ಟ್ಲಿ. "ಲಂಡನ್ನಿನಲ್ಲೂ ಕೆಲವರಿಗೆ ಇದು ನಾಚಿಕೆ ಅನ್ನಿಸಿದೆಯಂತೆ."

"ಲಂಡನ್ನಿನಲ್ಲಿ ಮಗನನ್ನು ಕಳೆದುಕೊಳ್ಳದವರು ಬಹಳ ಜನ ಇದ್ದಾರೆ, ಅಕ್ಕ."

ಗೋಪಾಲಕೃಷ್ಣ ಕನ್ನಡದಲ್ಲಿ ಗೊಣಗಿದ: "ಬ್ರೆಡ್ಡು ನೋಡ್ಕೊಂಡು ಕೂತ್ಕೊಳ್ಳಿ ಸಿದ್ದಣ್ಣ. ಬಾಯಿ ಬಿಡ್ಬೇಡಿ."

ಆದರೆ ಬಾಯಿ ಬಿಡಿಸಿದವರು ಬೇರೆ. ಮಾತು ಬೇರೆ ಕಡೆಗೆ ತಿರುಗಲೆಂದು ಮಿಸ್ ಹಾರ್ಟ್ಲಿಯೇ ಕೇಳಿದಳು: "ಡಾಕ್ಟರ್, ಯುದ್ಧ ಮುಗಿಸುವ ಒಪ್ಪಂದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ?"

"ಸಂಧಿ."

"ಚೆನ್ನಾಗಿದೆ. ಹಾಗೆಂದರೆ?"

"ಸೇರುವುದು. ಮಾತಿನಲ್ಲೂ ಎರಡು ಅಕ್ಷರ ಎದುರಾದರೆ ಆಗುವುದು ಸಂಧಿಯೇ. ಮೂರು ಬಗೆ. ಒಂದರಲ್ಲಿ, ಸೇರುವಾಗ ಒಂದು ಧ್ವನಿ ಸಾಯುತ್ತದೆ. ಒಂದರಲ್ಲಿ, ಇಬ್ಬರ ನಡುವೆ ಹೊಸದೊಂದು ಹುಟ್ಟುತ್ತದೆ. ಇನ್ನೊಂದು..." ಅವನು ನಿಲ್ಲಿಸಿದ. ವ್ಯಾಕರಣವೆಂದರೆ ಅವನಿಗೆ ತವರು. ಆ ಪರದೇಶದ ಮೇಜಿನಲ್ಲಿ ಎಷ್ಟೋ ತಿಂಗಳ ಮೇಲೆ ತವರಿನ ದಾರಿ ಕಂಡಂತಾಗಿ ಮುಖ ಅರಳಿತ್ತು.

ಪಾದ್ರಿಗಳು ಗ್ರೀಕು ಓದಿದವರು. ಕುತೂಹಲದಿಂದ ಮುಂದೆ ಬಾಗಿದರು. "ಇನ್ನೊಂದು?"

"ಆದೇಶ ಸಂಧಿ."

"ಆದೇಶ ಎಂದರೆ?"

ಒಂದು ಅಕ್ಷರ ಎದ್ದುಹೋಗಿ ಅದರ ಜಾಗದಲ್ಲಿ ಮತ್ತೊಂದು ಬಂದು ಕೂರುವುದಕ್ಕೆ ವ್ಯಾಕರಣದಲ್ಲಿ ಆದೇಶವೆಂದು ಹೆಸರು. ಅದನ್ನು ಹೇಳಬೇಕಿತ್ತು. ನಾಲಿಗೆ ಊರ ಚಾವಡಿಯ ಅರ್ಥ ಹಿಡಿಯಿತು. "ಅಪ್ಪಣೆ," ಎಂದ.

"ಅಪ್ಪಣೆಯ ಶಾಂತಿ!" ಪಾದ್ರಿಗಳು ನಕ್ಕರು. "ಒಂದು ಉದಾಹರಣೆ ಕೊಡಿ, ನೋಡೋಣ."

ಉದಾಹರಣೆ ಕೊಡು ಎಂದರೆ ಕೂಲಿಮಠದಲ್ಲಿ ಕೂತ ಯಾವ ಮಗುವೂ ಯೋಚಿಸುವುದಿಲ್ಲ. ಯೋಚಿಸಿದರೆ ಬೆತ್ತ. ಮೇಜಿನ ಕೆಳಗೆ ಗೋಪಾಲಕೃಷ್ಣ ಕಾಲು ತುಳಿದ, ಅಷ್ಟರಲ್ಲಿ ಅಪ್ಪನ ಬೆತ್ತ ಮುಂದೆ ಬಂದು, ಸಿದ್ದಲಿಂಗಯ್ಯನ ಬಾಯಿಂದ ಪಾಠ ತಾನಾಗಿ ಹೊರಟಿತ್ತು: "ಕಣ್ಣು, ಪನಿ, ಕಂಬನಿ."

"ಕಂಬನಿ ಎಂದರೆ?"

"ಕಣ್ಣೀರು."

ಬೆಳ್ಳಿಯ ಚಮಚಗಳು ನಿಂತುಹೋದವು. ಕಿಟಕಿಯ ಹೊರಗೆ ಮಂಜು ಗಾಜಿಗೆ ಮುಖ ಒತ್ತಿ ಒಳಗಿನದನ್ನು ಕೇಳುತ್ತಿದ್ದ ಹಾಗಿತ್ತು.

ಮೇಜರ್ ಕರವಸ್ತ್ರ ಮಡಿಚಿ ಮೇಜಿನ ಮೇಲಿಟ್ಟರು. "ನನ್ನ ಮನೆಯಲ್ಲಿ, ನನ್ನ ಬ್ರೆಡ್ಡು ತಿನ್ನುತ್ತ, ನಮ್ಮ ಶಾಂತಿಗೆ ಕಣ್ಣೀರಿನ ಅಪ್ಪಣೆ ಎಂದು ಹೆಸರಿಟ್ಟಿರಿ. ಯಾರ ಕಣ್ಣೀರು ಡಾಕ್ಟರ್? ನಿಮ್ಮ ಕೊನೆಯ ಮಂಚದವನದೆ?"

"ದೊರೆ, ನಾನು ಹೇಳಿದ್ದು ವ್ಯಾಕರಣ..."

"ನಾನೂ ಅದನ್ನೇ ಕೇಳಿಸಿಕೊಂಡೆ."

ದಾರಿಯಲ್ಲಿ ಗೋಪಾಲಕೃಷ್ಣನಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಅಲ್ರೀ ಅಯ್ಯನೋರೇ, ಬೆಟ್ಟದಾವರೆ ಅನ್ನಬಹುದಿತ್ತು, ಮಳೆಗಾಲ ಅನ್ನಬಹುದಿತ್ತು. ಇಡೀ ಕನ್ನಡದಲ್ಲಿ ನಿಮಗೆ ಸಿಕ್ಕಿದ್ದು ಕಂಬನಿ ಒಂದೇನಾ?"

"ಬಾಯಿಗೆ ಬಂದಿದ್ದು ಅದು ಕಣೋ. ಎಲ್ಲರಿಗೂ ಅದೇ ತಾನೇ ಬರೋದು?"

"ಬರುತ್ತೆ, ನನಗೂ ಅದೇ ಬರ್ತಿತ್ತು. ಅದಕ್ಕೇ ನಾನು ಬಾಯಿ ಮುಚ್ಕೊಂಡಿದ್ದು." ಆಮೇಲೆ ದನಿ ತಗ್ಗಿಸಿ, "ಪಂಜಾಬಿನಿಂದ ಒಂದು ಕಾಗದ ಬರ್ತಿಲ್ಲ ಸಿದ್ದಣ್ಣ. ಅಲ್ಲಿ ಜನರ ಮೇಲೆ ಗುಂಡು ಹಾರಿಸಿದ್ದಾರೆ ಅಂತ ಡಬ್ಲಿನ್ನಿನಲ್ಲಿ ನಮ್ಮೋರು ಪಿಸುಗುಟ್ತಾರೆ. ಇವರು ಗೆದ್ದಿದ್ದಾರೆ, ಸರಿ. ಗೆದ್ದವರ ಕೈ ಈಗ ಎಲ್ಲಿ ಬೀಳುತ್ತೋ," ಎಂದ. ಸಿದ್ದಲಿಂಗಯ್ಯ ಶಿವನೇ ಎಂದ.

ಮರುದಿನ ಮಧ್ಯಾಹ್ನ ಯೋಹಾನ್ ತೀರಿಕೊಂಡ. ಕೊನೆಗೆ ಉಸಿರಿಗೆ ದಾರಿಯಿರಲಿಲ್ಲ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದ, ವೈದ್ಯ ಮರೆತಾನೆಂಬ ಭಯಕ್ಕೋ ಏನೋ.

ಅವನು ಲೂಥರನ ಮತದವನಾದ್ದರಿಂದ ಪಾದ್ರಿ ಬಾಯ್ಡರ ಪ್ರಾಟೆಸ್ಟೆಂಟ್ ಚರ್ಚಿನ ಅಂಗಳದಲ್ಲಿ ಜಾಗ ಸಿಗಬೇಕಿತ್ತು. ಸಿದ್ದಲಿಂಗಯ್ಯ ಹೋಗಿ ಕೇಳಿದ. ಪಾದ್ರಿಗಳು ಕಣ್ಣು ತಪ್ಪಿಸಿದರು. "ನನ್ನದೇನೂ ಅಡ್ಡಿಯಿಲ್ಲ. ಮೇಜರ್ ಒಪ್ಪಿದರೆ..."

ಮೇಜರ್ ಅವನನ್ನು ಮನೆಯೊಳಗೆ ಕರೆಯಲಿಲ್ಲ. ಗೇಟಿನ ಬಳಿ ನಿಂತೇ ಹೇಳಿದರು.

"ಚರ್ಚಿನ ಅಂಗಳ ಇಲ್ಲ. ಅಲ್ಲಿ ನನ್ನ ಮಗನ ಹೆಸರಿನ ಕಲ್ಲಿದೆ. ಕಿಲ್ಲೀನಿನಲ್ಲಿ ಹೂಳಿ, ಸುಣ್ಣ ಹಾಕಿ. ಪ್ರಾರ್ಥನೆ ಇಲ್ಲ. ಗುರುತು ಇಲ್ಲ. ಹೆಸರು, ಬರೆಯುವುದೂ ಇಲ್ಲ, ಹೇಳುವುದೂ ಇಲ್ಲ. ಇದರಲ್ಲಿ ಒಂದು ಮೀರಿದರೂ ನೀವು ಮುಂದಿನ ರೈಲಿಗೆ ಹೊರಡುತ್ತೀರಿ, ನಿಮ್ಮ ಕಾಲೇಜಿಗೆ ನನ್ನ ಮಾತು ನಿಮಗಿಂತ ಮೊದಲು ತಲುಪುತ್ತದೆ."

"ದೊರೆ, ಒಂದು ಮಾತು ಹೇಳಬಹುದೆ?"

"ಬೇಡ. ಏನಿದ್ದರೂ ಬರೆದು ಕಳಿಸಿ."

ಗೇಟು ಮುಚ್ಚಿತು. ಸಿದ್ದಲಿಂಗಯ್ಯ ಹಿಂದಿರುಗಿ ನಡೆಯುತ್ತ, ಪತ್ರಿಕೆಯಲ್ಲಿದ್ದ ಸುದ್ದಿ ಇಷ್ಟು ಸಣ್ಣದಾಗಿ ಒಬ್ಬ ಸತ್ತ ಬಡಗಿಯ ಮೇಲೂ ಬೀಳುತ್ತದೆಂದು ತನಗೆ ಗೊತ್ತಿರಲಿಲ್ಲವಲ್ಲ ಎಂದುಕೊಂಡ. ಅಪ್ಪ, ಅಮ್ಮ, ಹಡಗಿನ ದಾರಿ, ಎಲ್ಲವೂ ಒಂದು ಕಡೆ. ಒಬ್ಬನ ಹೆಸರು ಒಂದು ಕಡೆ. ಆ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದೆ? ಶಿವನಿಗೆ ಕೇಳಿಸದೆ? ಕೇಳಿಸುತ್ತದೆ. ಆದರೆ ಮಾತು ಕೊಟ್ಟದ್ದು ಶಿವನಿಗಲ್ಲ.

ಕಿಲ್ಲೀನ್ ಎಂದರೆ ಊರಾಚೆ, ಗುಡ್ಡದ ಬುಡದಲ್ಲಿ, ಗುಂಡುಕಲ್ಲುಗಳ ಸುತ್ತು ಹಾಕಿದ ಒಂದು ಪಾಳುಜಾಗ. ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳನ್ನೂ, ಸಮುದ್ರ ತಂದ ಹೆಣಗಳನ್ನೂ ಅಲ್ಲಿ ಹಾಕುತ್ತಿದ್ದರು. ಚರ್ಚುಗಳ ಪವಿತ್ರ ಮಣ್ಣಿಗೆ ಅವರು ಸಲ್ಲರು. ಹೆಣ ಅಲ್ಲಿಗೆ ಎಂದು ತಿಳಿದು ನೋರಾ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತಳು.

"ನನ್ನದೂ ಒಂದು ಅಲ್ಲಿದೆ, ಡಾಕ್ಟರೇ. ಅಳೋಕೂ ಮುಂಚೆ ಹೋಯ್ತು. ಹೆಸರಿಡೋಕೆ ಬಿಡಲಿಲ್ಲ ನಮ್ಮ ಕ್ಯಾಥೊಲಿಕ್ ಫಾದರು." ಸೆರಗಿನಂತೆ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕೆಟ್ಟ ಜಾಗ ಅಲ್ಲ ಅದು. ಬಡಗಿ ಅಂತೀರಿ. ಅಲ್ಲಿರೋ ಕೂಸುಗಳಿಗೆ ಒಂದೊಂದು ತೊಟ್ಟಿಲು ಮಾಡಿಕೊಡಲಿ."

ಬೆಳಕು ಇನ್ನೂ ಇದ್ದಾಗಲೇ ಮಿಸ್ ಹಾರ್ಟ್ಲಿ ಒಬ್ಬಳೇ ನಡೆದು ಶೆಡ್ಡಿಗೆ ಬಂದಳು. ತೋಳಿನ ಮೇಲೆ ಮಡಿಚಿದ ಬಿಳಿಯ ಲಿನನ್ ಹಚ್ಚಡ. "ಇದನ್ನು ಸುತ್ತಿ," ಎಂದಳು. ಹೋಗಲಿಲ್ಲ, ಬಾಗಿಲಲ್ಲೇ ನಿಂತಳು.

"ಡಾಕ್ಟರ್, ನಮ್ಮ ಎಡ್ವರ್ಡ್ ಬಿದ್ದದ್ದು ಜರ್ಮನಿಯವರ ಕೈಯಲ್ಲಿದ್ದ ನೆಲದಲ್ಲಿ. ಅವರ ಸಿಪಾಯಿಗಳೇ ಹೂಳಿದರು. ಹೆಸರು ಬರೆದ ಹಲಗೆ ನೆಟ್ಟು, ಟೋಪಿ ತೆಗೆದು ನಿಂತರಂತೆ. ಸೆರೆಯಿಂದ ಬಂದ ನಮ್ಮವನೊಬ್ಬ ಕಣ್ಣಾರೆ ನೋಡಿ ಬಂದು ಹೇಳಿದ. ನನ್ನ ತಮ್ಮ ಕೇಳಿಸಿಕೊಂಡ. 'ಹಾಗೆ ಮಾಡಿ ಅಂತ ಅವರನ್ನು ಯಾರು ಕೇಳಿದರು?' ಅಂದ. ಅಷ್ಟೇ. ಆಮೇಲೆ ಆ ಮಾತು ಮನೆಯಲ್ಲಿ ಎದ್ದಿಲ್ಲ. ನಾನು ದ್ವೇಷಿಸುವವರಿಂದ ಉಪಕಾರ ತೆಗೆದುಕೊಂಡಿದ್ದೇನೆ ಅನ್ನುವುದನ್ನು ಅವನ ಗಂಟಲು ನುಂಗುತ್ತಿಲ್ಲ."

"ಅಮ್ಮಾ, ನಾನು ಹೆಸರು ಹೇಳಿದರೆ ಮೇಜರ್ ಹೇಳಿದಂತೆ ಮಾಡುತ್ತಾರೆಯೇ?"

"ಮಾಡುತ್ತಾನೆ," ಎಂದಳು ಆಕೆ. "ಅವನು ಹೇಳಿದಂತೆ ಮಾಡದಿದ್ದ ದಿನ ನಾನು ಕಂಡಿಲ್ಲ."

ಮರುದಿನ ಬೆಳಿಗ್ಗೆ ಮಂಜು ಅರ್ಧ ಹರಿದಿತ್ತು. ಗುಡ್ಡದ ನೆತ್ತಿ ಕಾಣುತ್ತಿತ್ತು; ಅಲ್ಲಿ ಕವಾಯತಿನ ಕೆಲವು ಯುವಕರು ಸಾಲಾಗಿ, ಅಲುಗಾಡದೆ, ಕೆಳಗೆ ನೋಡುತ್ತ ನಿಂತಿದ್ದರು. ಕೆಳಗಿನ ದಾರಿಯಲ್ಲಿ ಮೇಜರ್ ಕಳಿಸಿದ ಪೊಲೀಸಿನವನು ಬಂದೂಕು ಹಿಡಿದು ಅವರನ್ನು ನೋಡುತ್ತಿದ್ದ. ನಡುವೆ ಕಿಲ್ಲೀನ್. ಗುಂಡಿ ತೋಡಿದ ಹಳ್ಳಿಗರು ರೋಗಕ್ಕೆ ಹೆದರಿ ಕಲ್ಲಿನ ಸುತ್ತಿನ ಆಚೆ ಸರಿದು ನಿಂತಿದ್ದರು. ಒಳಗೆ ಸಿದ್ದಲಿಂಗಯ್ಯ, ನೋರಾ, ಗೋಪಾಲಕೃಷ್ಣ.

ಹೆಣ ಇಳಿಸಿದರು. ಸಿದ್ದಲಿಂಗಯ್ಯ ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದುಕೊಂಡು ಹಚ್ಚಡದ ಮೇಲೆ ಎಳೆದ. ಅವನ ಕಡೆ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಹೋದವರು ಹಿಡಿಮಣ್ಣು ಕೊಡದೆ ಬರುವುದಿಲ್ಲ. ಜಗಳವಿದ್ದವರೂ ಬಂದು ಕೊಟ್ಟು ಹೋಗುತ್ತಾರೆ, ಹಗೆ ಗುಂಡಿಯಾಚೆ ನಿಲ್ಲುತ್ತದೆ. ಅವನು ಬಗ್ಗಿ ಮಣ್ಣು ಹಿಡಿದ. ಪೊಲೀಸಿನವನು ಕುತ್ತಿಗೆ ಚಾಚಿದ.

"ಸಿದ್ದಣ್ಣ," ಗೋಪಾಲಕೃಷ್ಣ ಪಿಸುಗುಟ್ಟಿದ, "ಕನ್ನಡದಲ್ಲಿ ಏನಾದ್ರೂ ಹೇಳಿಬಿಡಿ, ಅವನಿಗೇನು ತಿಳಿಯುತ್ತೆ. ನಿಮ್ಮಪ್ಪನ ಮುಖ ನೆನೆಸ್ಕೊಳ್ಳಿ."

"ಹೆಸರಿಗೆ ಕನ್ನಡ, ಇಂಗ್ಲಿಷು ಅಂತ ಇರುತ್ತೇನೋ ಗೋಪಾಲ?" ಎಂದ ಸಿದ್ದಲಿಂಗಯ್ಯ. ಆಮೇಲೆ ಎಲ್ಲರಿಗೂ ಕೇಳುವಂತೆ, ರೋಗಿಯನ್ನು ಎಬ್ಬಿಸುವ ದನಿಯಲ್ಲಿ, "ಯೋಹಾನ್, ಹಡಗಿನ ಬಡಗಿ," ಎಂದು ಮಣ್ಣು ಬಿಟ್ಟ.

"ಓಖೋನ್!" ಎಂದು ನೋರಾಳ ಎದೆಯಿಂದ ಹಳೆಯ ಕೂಗೊಂದು ಎದ್ದಿತು. ಅವಳು ಅತ್ತದ್ದು ಯಾರಿಗೋ. ಗುಂಡಿಯವನಿಗೋ, ಹೆಸರಿಲ್ಲದ ತನ್ನ ಕೂಸಿಗೋ. ಆ ಐರಿಷ್ ಭಾಷೆ ಸಿದ್ದಲಿಂಗಯ್ಯನಿಗೆ ಬಾರದು. ಬಾರದಿದ್ದರೂ ಅದು ಅಯ್ಯೋ ಎಂದು ತಿಳಿಯಲು ಕಲಿಯಬೇಕಿರಲಿಲ್ಲ. ಬೆತ್ತ ಕೆಳಗಿಟ್ಟು ಅಪ್ಪ ಒಂದು ದಿನ ಹೇಳಿದ್ದರು: ಎಲ್ಲ ಶಬ್ದಕ್ಕೂ ಸಂಧಿ ಉಂಟು ಕಣೋ ಮಗ, ಅಯ್ಯೋ ಅನ್ನೋದಕ್ಕೆ ಮಾತ್ರ ಇಲ್ಲ. ಮುಂದೆ ಏನೇ ಬರಲಿ, ಅದು ಬಾಗೋದಿಲ್ಲ, ಇದ್ದ ಹಾಗೇ ಇರುತ್ತೆ.

ಆಗ ದಾರಿಯಲ್ಲಿ ಕುದುರೆಯ ಸದ್ದಾಯಿತು. ಪೊಲೀಸಿನವನು ನೆಟ್ಟಗೆ ನಿಂತ. ಗುಡ್ಡದ ಮೇಲಿನ ಸಾಲು ಸ್ವಲ್ಪ ಮಿಸುಕಿತು.

"ಮುಗೀತು ಸಿದ್ದಣ್ಣ," ಎಂದ ಗೋಪಾಲಕೃಷ್ಣ.

ಮೇಜರ್ ಹಾರ್ಟ್ಲಿ ಇಳಿದು, ಕಲ್ಲಿನ ಸುತ್ತನ್ನು ದಾಟಿ ಒಳಗೆ ಬಂದರು. ನೋರಾಳ ಕಡೆ ನೋಡಲಿಲ್ಲ. "ಹೆಸರು ಹೇಳಿದಿರಾ?"

"ಹೇಳಿದೆ, ದೊರೆ."

"ಏನೆಂದು?"

"ಯೋಹಾನ್."

"ನಾಳೆ ಬೆಳಗಿನ ರೈಲು," ಎಂದರು ಮೇಜರ್. "ಕಾಲೇಜಿಗೆ ಈ ಹೊತ್ತೇ ಬರೆಯುತ್ತೇನೆ."

"ಆಗಲಿ."

ಹೇಳಬೇಕಾದದ್ದನ್ನು ಹೇಳಿ ಆಯಿತು, ಅವರು ಹೊರಡಬೇಕಿತ್ತು. ಹೊರಡಲಿಲ್ಲ. ಗುಂಡಿಯೊಳಗಿನ ಬಿಳಿ ಹಚ್ಚಡ ತಮ್ಮ ಮನೆಯದೆಂದು ಗುರುತು ಸಿಕ್ಕಿರಬೇಕು. ಬಹಳ ಹೊತ್ತು ಅದನ್ನೇ ನೋಡಿದರು. ಗಾಳಿ ಕೊನೆಗೂ ಎದ್ದು ಕೊಲ್ಲಿಯ ಕಡೆಯಿಂದ ತಣ್ಣಗೆ ಬೀಸತೊಡಗಿತ್ತು. ಮೇಜರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಬಲಗೈಯ ಕೈಗವಸನ್ನು ಒಂದೊಂದೇ ಬೆರಳಿನಿಂದ ಕಳಚಿದರು. ಮೊಣಕಾಲು ಊರಿ, ರಾಶಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ಎಸೆಯದೆ, ಗುಂಡಿಯೊಳಕ್ಕೆ ತೋಳು ಚಾಚಿ, ಕಾದು ಕುಳಿತವರ ಕೈಗೆ ಕೊಡುವ ಹಾಗೆ ಮೆಲ್ಲಗೆ ಬಿಟ್ಟರು.